ಬೆರಳು ಎತ್ತಿದಾಗ ಏನಾಗುತ್ತೆ?

ನಮಸ್ಕಾರ. ಇಂಜಿನಿಯರಿಂಗ್ ಕೊನೇ ವರ್ಷದಲ್ಲಿರುವವರು, ಈಗಷ್ಟೇ ಕೆಲಸಕ್ಕೆ ಸೇರಿದವರು, ನಿಮ್ಮನ್ನೇ ಕಣ್ಮುಂದೆ ಇಟ್ಟುಕೊಂಡು ಮಾತಾಡುತ್ತೇನೆ. ಕೋಡ್ ಗೊತ್ತಿಲ್ಲದವರೂ ರೇಡಿಯೋ ಆಫ್ ಮಾಡಬೇಡಿ, ಇದರಲ್ಲಿ ಅರ್ಧ ಇಡ್ಲಿಯ ಕಥೆಯೇ.

ಟಚ್‌ಸ್ಕ್ರೀನ್ ಡ್ರೈವರ್‌ಗೆ, ಅಂದರೆ ಸ್ಕ್ರೀನಿನ ಜೊತೆ ಮಾತಾಡೋ ಪ್ರೋಗ್ರಾಮಿಗೆ, ಯಾರೋ ಒಂದು ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಬರೆದು ನಿಮಗೆ ರಿವ್ಯೂಗೆ ಕಳಿಸಿದ್ದಾರೆ ಅಂದುಕೊಳ್ಳಿ. ಏನು ನೋಡಬೇಕು? ನನ್ನದು ಒಂದೇ ಮಾತು. ಬೆರಳು ಎತ್ತಿದಾಗ ಏನಾಗುತ್ತೆ ಅಂತ ಕೇಳಿ. ಬೆರಳು ಇಟ್ಟಾಗ ಏನಾಗುತ್ತೆ ಅನ್ನೋದನ್ನು ಪ್ಯಾಚ್ ಬರೆದವರು ಹತ್ತು ಸಲ ನೋಡಿರುತ್ತಾರೆ. ಎತ್ತೋದನ್ನು ಯಾರೂ ನೋಡಿರೋದಿಲ್ಲ.

ಗಾಜಿನ ಹಿಂದೆ ಒಂದು ಚಿಪ್ ಇರುತ್ತೆ. ಬೆರಳು ತಾಗಿದರೆ ಅದು ಒಂದು ತಂತಿಯ ಮೂಲಕ ಪ್ರೊಸೆಸರ್‌ಗೆ ಬೆಲ್ ಹೊಡೆಯುತ್ತೆ. ಇದೇ ಇಂಟರಪ್ಟ್. ಬೆಲ್ ಕೇಳಿದ ಡ್ರೈವರ್ ಎದ್ದು, ಐ2ಸಿ ಅನ್ನೋ ಎರಡು ತಂತಿಯ ದಾರಿಯಲ್ಲಿ, ಎಷ್ಟು ಬೆರಳು, ಎಲ್ಲಿ ಅಂತ ಓದಿಕೊಳ್ಳುತ್ತೆ. ಬೆರಳು ಗಾಜಿನ ಮೇಲೆ ಇರೋವರೆಗೂ ಬೆಲ್ ಹೊಡೀತಾನೇ ಇರುತ್ತೆ, ಸೆಕೆಂಡಿಗೆ 60 ಸಲ, 100 ಸಲ. ಎತ್ತಿದಾಗ ಕೊನೆಯದಾಗಿ ಒಂದು ಸಲ ಹೊಡೆದು, 'ಯಾರೂ ಇಲ್ಲ' ಅಂತ ಹೇಳಿ ಸುಮ್ಮನಾಗುತ್ತೆ.

ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಪ್ರತಿ ಬೆರಳಿಗೂ ಒಂದು ಸ್ಲಾಟ್. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್ ಇದ್ದ ಹಾಗೆ. ಬೆರಳು ಇಟ್ಟರೆ ಟೋಕನ್ ಕೊಡುತ್ತಾರೆ, ಅದೇ ಟ್ರ್ಯಾಕಿಂಗ್ ಐಡಿ. ಎತ್ತಿದರೆ ಆ ಸ್ಲಾಟ್‌ಗೆ ಮೈನಸ್ 1 ಅಂತ ಬರೆಯಬೇಕು. ಬರೆಯದಿದ್ದರೆ, ನೀವು ಮನೆಗೆ ಹೋಗಿ ಊಟ ಮಾಡಿ ಮಲಗಿದರೂ ಸ್ಟ್ಯಾಂಡಿನವರ ಲೆಕ್ಕದಲ್ಲಿ ನಿಮ್ಮ ಚಪ್ಪಲಿ ಅಲ್ಲೇ ಇದೆ.

ಈಗ ಇಡ್ಲಿ. ಒಂದು ಆಫೀಸಿನ ಕ್ಯಾಂಟೀನಿನಲ್ಲಿ ಕೂಪನ್ ಮೆಷಿನ್ ಇಟ್ಟಿದ್ದರು. ಅದರ ಟಚ್ ಡ್ರೈವರ್ ನಮ್ಮ ತಂಡದ್ದು. ಇಡ್ಲಿ ಚಿತ್ರದ ಪಕ್ಕ ಒಂದು ಪ್ಲಸ್ ಗುಂಡಿ, ಒತ್ತಿ ಹಿಡಿದರೆ ಸಂಖ್ಯೆ ಓಡುತ್ತೆ. ಒಂದು ದಿನ ದೂರು ಬಂತು: ಎರಡು ಪ್ಲೇಟ್ ಒತ್ತಿದರೆ 37 ಪ್ಲೇಟ್ ಅಂತ ತೋರಿಸುತ್ತಿದೆ! ಆ್ಯಪ್ ಬರೆದವರನ್ನು ಬೈದರು. ಗಾಜಿಗೆ ಎಣ್ಣೆ ಮೆತ್ತಿದೆ ಅಂತ ಒರೆಸಿದರು. ಪ್ಯಾನೆಲ್ಲನ್ನೇ ಬದಲಾಯಿಸಿದರು. ಎರಡು ದಿನ ಸರಿ ಇತ್ತು, ಮೂರನೇ ದಿನ ಮತ್ತೆ ಶುರು.

ಕೊನೆಗೆ ನಾನೇ ಹೋಗಿ ಮೆಷಿನ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಎರಡು ಕಾಫಿ ಆಯಿತು, ಏನೂ ಇಲ್ಲ. ಅಷ್ಟರಲ್ಲಿ ಒಳಗೆ ಚಟ್ನಿಗೆ ಅಂತ ಮಿಕ್ಸಿ ಹಾಕಿದರು. ಎದುರಿಗಿದ್ದ ಹುಡುಗಿ ಪ್ಲಸ್ ಒತ್ತಿ ಕೈ ತೆಗೆದಳು, ಸಂಖ್ಯೆ ಮಾತ್ರ ಓಡುತ್ತಲೇ ಇತ್ತು, ಅವಳು ಕೈ ಬೆನ್ನ ಹಿಂದೆ ಕಟ್ಟಿಕೊಂಡು 'ನಾನೇನೂ ಮಾಡಿಲ್ಲ ಮೇಡಂ' ಅಂತ ನನ್ನ ಕಡೆ ನೋಡಿದಳು. ಮಿಕ್ಸಿ ನಿಂತಿತು. ಮುಂದೆ ಬಂದವರಿಗೆ ಎಲ್ಲ ಸರಿ!

ಆಗ ನೆನಪಾಯಿತು, ತಿಂಗಳ ಹಿಂದಿನ ನಾಲ್ಕು ಸಾಲಿನ ಪ್ಯಾಚ್. ಚಿಪ್ ಕಳಿಸೋ ಮಾಹಿತಿಯ ಕೊನೆಯಲ್ಲಿ ಚೆಕ್‌ಸಮ್ ಇರುತ್ತೆ, ಕಿರಾಣಿ ಚೀಟಿಯ ಕೆಳಗೆ ಒಟ್ಟು ಮೊತ್ತ ಬರೆದ ಹಾಗೆ. ಒಟ್ಟು ತಾಳೆ ಆಗದಿದ್ದರೆ ಆ ಚೀಟಿ ಬಿಸಾಕಿ ವಾಪಸ್ ಹೋಗು, ಇಷ್ಟೇ ಪ್ಯಾಚು. ಚೆನ್ನಾಗಿಯೇ ಇದೆ ಅಲ್ವಾ? ಬೆರಳು ಓಡಾಡುವಾಗ ಒಂದು ಚೀಟಿ ಹೋದರೆ ನಷ್ಟವಿಲ್ಲ, ಇನ್ನೊಂದು ಹತ್ತು ಮಿಲಿಸೆಕೆಂಡಿನಲ್ಲಿ ಬರುತ್ತೆ. ಆದರೆ ಹೋದದ್ದು ಕೊನೇ ಚೀಟಿಯಾದರೆ? ಅದರ ಹಿಂದೆ ಇನ್ನೊಂದು ಬರೋದಿಲ್ಲ, ಮೈನಸ್ 1 ಬರೆಯೋದೂ ಇಲ್ಲ. ಮಿಕ್ಸಿಯ ಗದ್ದಲ ಕರೆಂಟಿನ ಲೈನಿನಲ್ಲಿ ಬಂದು ಆಗಾಗ ಆ ಕೊನೇ ಚೀಟಿಯನ್ನೇ ಕೆಡಿಸುತ್ತಿತ್ತು. ಪ್ಯಾಚ್ ಬರೆದ ಹುಡುಗ 'ಮೇಡಂ, ನನ್ನ ಟೇಬಲ್ ಮೇಲೆ ಸರಿಯಾಗೇ ಇದೆ' ಅಂದ. ಅವನ ಟೇಬಲ್ ಮೇಲೆ ಮಿಕ್ಸಿ ಎಲ್ಲಿಂದ ಬರಬೇಕು? ಅವನನ್ನು ಬೈಯೋಕೂ ಆಗಲಿಲ್ಲ. ರಿವ್ಯೂ ಮಾಡಿ ಓಕೆ ಅಂದವಳು ನಾನೇ.

ಸರಿಪಡಿಸೋದು ಸುಲಭ. ಚೀಟಿ ಕೆಟ್ಟಿದ್ದರೆ ಇನ್ನೊಂದೆರಡು ಸಲ ಓದು, ಆಗಲೂ ಕೆಟ್ಟಿದ್ದರೆ ಎಲ್ಲ ಸ್ಲಾಟ್ ಖಾಲಿ ಮಾಡು. ಬೆರಳು ನಿಜವಾಗಿ ಇದ್ದರೆ ಮುಂದಿನ ಬೆಲ್‌ಗೆ ತಾನೇ ವಾಪಸ್ ಬರುತ್ತೆ. ಇದು ನಮ್ಮೊಬ್ಬರ ತಾಪತ್ರಯ ಅಂದುಕೊಳ್ಳಬೇಡಿ. ಲಿನಕ್ಸ್‌ನಲ್ಲಿ ಹಲವು ಟಚ್ ಪ್ಯಾನೆಲ್‌ಗಳಿಗೆ ಬಳಸೋ ಎಚ್‌ಐಡಿ ಮಲ್ಟಿಟಚ್ ಡ್ರೈವರ್‌ನಲ್ಲಿ 'ಸ್ಟಿಕಿ ಫಿಂಗರ್ಸ್' ಅಂತಲೇ ಒಂದು ಏರ್ಪಾಡು ಇದೆ, ಅಂಟು ಬೆರಳು! ಕೆಲವು ಪ್ಯಾನೆಲ್‌ಗಳು ಬೆರಳು ಎತ್ತಿದ್ದನ್ನು ಒಮ್ಮೊಮ್ಮೆ ಹೇಳೋದೇ ಇಲ್ಲ, ಅದಕ್ಕೆ 100 ಮಿಲಿಸೆಕೆಂಡ್ ಸುದ್ದಿಯಿಲ್ಲದಿದ್ದರೆ ಟೈಮರ್ ತಾನೇ ಬೆರಳನ್ನು ಎತ್ತಿಸುತ್ತೆ.

ಅಯ್ಯೋ, ಸ್ಟುಡಿಯೋ ಗಾಜಿನ ಆಚೆಯಿಂದ ಒಂದು ನಿಮಿಷ ಅಂತ ಬೆರಳು ತೋರಿಸುತ್ತಿದ್ದಾರೆ. ಇನ್ನೂ ಮೂರು ವಿಷಯ ಬರೆದುಕೊಂಡು ಬಂದಿದ್ದೆ, ಬೇಗ ಹೇಳಿಬಿಡುತ್ತೇನೆ. ಐ2ಸಿ ಓದುವಾಗ ಡ್ರೈವರ್ ಕಾಯಬೇಕಾಗುತ್ತೆ, ಅಂದರೆ ನಿದ್ದೆ ಮಾಡುತ್ತೆ, ಹಾಗಾಗಿ ಆ ಕೆಲಸ ಥ್ರೆಡೆಡ್ ಇಂಟರಪ್ಟ್‌ನಂಥ, ನಿದ್ದೆ ಮಾಡಬಹುದಾದ ಜಾಗದಲ್ಲೇ ಇರಬೇಕು. ಇನ್ನೊಂದು, ಎಷ್ಟು ಬೈಟ್ ಕೇಳಿದಿರಿ, ಎಷ್ಟು ಬಂತು ಅಂತ ನೋಡಿ, ಕಮ್ಮಿ ಬಂದರೂ ಓದಿದ ಹಾಗೆ ನಟಿಸೋ ಪ್ಯಾಚ್‌ಗಳನ್ನು ಕಂಡರೆ ನನಗೆ ಮೈ ಉರಿಯುತ್ತೆ. ಮೂರನೆಯದು ಸಸ್ಪೆಂಡ್. ಬೆರಳು ಇಟ್ಟಿರುವಾಗಲೇ ಸ್ಕ್ರೀನ್ ಮಲಗಿತು, ಡ್ರೈವರ್ ಬೆಲ್ ಬಂದ್ ಮಾಡಿತು, ಆಮೇಲೆ ಬೆರಳು ಎತ್ತಿದರು. ಎದ್ದ ಮೇಲೆ ಏನಾಗುತ್ತೆ? ಮತ್ತೆ ಅದೇ ಪ್ರಶ್ನೆ, ನೋಡಿ.

ಇವತ್ತು ರಾತ್ರಿ ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳಿನ, ಕೋಡ್ ತೆರೆಯಿರಿ. ಡ್ರೈವರ್ಸ್, ಅದರೊಳಗೆ ಇನ್‌ಪುಟ್, ಅದರೊಳಗೆ ಟಚ್‌ಸ್ಕ್ರೀನ್. ಅಲ್ಲಿ ಗುಡಿಕ್ಸ್ ಅನ್ನೋ ಟಚ್ ಚಿಪ್‌ನ ಡ್ರೈವರ್ ಸಿಗುತ್ತೆ. ಬೆರಳು ಎತ್ತೋ ಸಾಲು ಎಲ್ಲಿದೆ ಹುಡುಕಿ. ಆಮೇಲೆ ಅದಕ್ಕೂ ಮೊದಲು ಬರೋ ಒಂದೊಂದು ರಿಟರ್ನ್, ಅಂದರೆ ಕೆಲಸ ಅಲ್ಲೇ ಬಿಟ್ಟು ವಾಪಸ್ ಹೋಗೋ ಸಾಲಿನ, ಪಕ್ಕದಲ್ಲೂ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಆಯ್ತು, ಆಯ್ತು, ಮುಗಿಸಿದೆ. ನಮಸ್ಕಾರ.