ಬೇಗ ಒಣಗುವ ಬಚ್ಚಲು

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಬಚ್ಚಲುಮನೆಯ ಬಗ್ಗೆ ಮಾತಾಡೋಣ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಘಟ್ಟದ ಮೇಲಿರಲಿ, ಕೆಳಗಿರಲಿ, ಮನೆ ಕಟ್ಟಿಸುವವರ ದುಡ್ಡು ಮೊದಲೆಲ್ಲ ಜಗುಲಿಗೆ, ದೇವರ ಕೋಣೆಗೆ, ಮುಂಬಾಗಿಲ ಕೆತ್ತನೆಗೆ ಹೋಗುತ್ತಿತ್ತು. ಬಚ್ಚಲು ಹಿತ್ತಲ ಕಡೆ ಉಳಿದ ಜಾಗದಲ್ಲಿ ಆಗುತ್ತಿತ್ತು. ಈಗ ಹಾಗಿಲ್ಲ. ಬಚ್ಚಲೂ ಚೆಂದ ಇರಬೇಕು ಅಂತ ಜನ ಬಯಸುತ್ತಾರೆ. ನನಗೆ ಇದು ಬಹಳ ಖುಷಿಯ ವಿಷಯ. ಮನೆಯ ಪ್ರತಿಯೊಬ್ಬರೂ ದಿನಾ ಹೋಗುವ ಕೋಣೆ ಅದು, ಅಲ್ವಾ?

ನಾನು ಕಾರವಾರ, ಕುಮಟಾ, ಶಿರಸಿ ಕಡೆ ಮನೆ ವಿನ್ಯಾಸದ ಕೆಲಸ ಮಾಡುವವಳು. ಬಂದವರು ಮೊದಲು ಮೊಬೈಲ್ ತೆಗೆಯುತ್ತಾರೆ. "ಮೇಡಂ, ನಮಗೆ ಇಂಥದ್ದೇ ಬೇಕು" ಎಂದು ಫೋಟೋ ತೋರಿಸುತ್ತಾರೆ. ಕಪ್ಪು ನಲ್ಲಿ, ಹೊಳೆಯುವ ಬಿಳಿ ನೆಲ, ಮರದ ಕಪಾಟು, ಬೆಳಕೆಲ್ಲ ಚಾವಣಿಯಿಂದ. ಕಿಟಕಿ ಮಾತ್ರ ಎಲ್ಲೂ ಕಾಣುವುದಿಲ್ಲ. ಫೋಟೋ ಚೆನ್ನಾಗಿಯೇ ಇರುತ್ತದೆ. ಆದರೆ ಅದು ಒಣ ಹವೆಯ ಊರಿನದೋ, ದಿನವಿಡೀ ಏಸಿ ಓಡುವ ಹೋಟೆಲಿನದೋ ಆಗಿರುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆ ನಾಲ್ಕು ತಿಂಗಳು ಟವೆಲ್ಲೇ ಒಣಗುವುದಿಲ್ಲ, ಇನ್ನು ಬಚ್ಚಲು ಒಣಗುವುದೆಲ್ಲಿ? ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ನಮ್ಮಲ್ಲಿ ಬೇಗ ಒಣಗುವ ಬಚ್ಚಲೇ ಚೆಂದದ ಬಚ್ಚಲು. ಬೆಳಿಗ್ಗೆ ಎಲ್ಲರ ಸ್ನಾನ ಮುಗಿದು, ಮಧ್ಯಾಹ್ನ ಊಟದ ಹೊತ್ತಿಗೆ ನೆಲದ ಮೇಲೆ ಬರಿಗಾಲಿಟ್ಟರೆ ತೇವ ತಾಗಬಾರದು. ಬಣ್ಣ, ಹೊಳಪು, ಕನ್ನಡಿ ಎಲ್ಲ ಆಮೇಲೆ.

ನಮ್ಮ ಹಿರಿಯರ ಬಚ್ಚಲಿನಲ್ಲಿ ಈ ಕೆಲಸ ತಾನಾಗೇ ಆಗುತ್ತಿತ್ತು. ಶಿರಸಿ, ಸಿದ್ದಾಪುರ ಕಡೆಯ ಹಳೆ ಮನೆಗಳಲ್ಲಿ ಈಗಲೂ ನೋಡಬಹುದು. ಮೂಲೆಯಲ್ಲಿ ಒಲೆ, ಅದರ ಮೇಲೆ ತಾಮ್ರದ ಹಂಡೆ. ಅಡಿಕೆ ಸಿಪ್ಪೆಯೋ, ತೆಂಗಿನ ಮಟ್ಟೆಯೋ ಉರಿಯುತ್ತಲೇ ಇರುತ್ತದೆ. ಆ ಕಾವಿಗೆ ಗೋಡೆ ಬೆಚ್ಚಗೆ, ನೆಲ ಒಣ. ಹೆಂಚಿನ ಸಂದಿನಿಂದ ಹಬೆ ಹೊರಗೆ ಹೋಗುತ್ತದೆ. ನೀರು ಕಲ್ಲಿನ ಮೇಲೆ ಹರಿದು ನೇರವಾಗಿ ಹಿತ್ತಲ ಬಾಳೆಗೆ, ಕೆಸುವಿಗೆ. ಈಗ ಒಲೆ ಹೋಗಿ ಗೀಸರ್ ಬಂತು, ಹೆಂಚು ಹೋಗಿ ಸ್ಲ್ಯಾಬ್ ಬಂತು. ಬಚ್ಚಲು ಹಿತ್ತಲಿನಿಂದ ಮಲಗುವ ಕೋಣೆಯ ಪಕ್ಕಕ್ಕೆ ಬಂತು. ಅನುಕೂಲ ಜಾಸ್ತಿ ಆಯ್ತು, ಖಂಡಿತ. ಆದರೆ ಒಣಗಿಸುವ ಬೆಂಕಿ, ಗಾಳಿ ಎರಡೂ ಹೋದವು. ಅವುಗಳ ಕೆಲಸವನ್ನು ಈಗ ನಕ್ಷೆಯಲ್ಲೇ ಮಾಡಿಕೊಳ್ಳಬೇಕು.

ಮೊದಲು ಗಾಳಿ. ಬಚ್ಚಲಿನ ಒಂದು ಗೋಡೆಯಾದರೂ ಮನೆಯ ಹೊರಗೋಡೆ ಆಗಿರಲಿ. ಅದರಲ್ಲಿ ನಿಜವಾದ ಕಿಟಕಿ ಇರಲಿ. ಒಂದಡಿಯ ವೆಂಟಿಲೇಟರ್ ಸಾಲದು. ಮಳೆಯಲ್ಲೂ ತೆರೆದಿಡುವ ಹಾಗೆ ಮೇಲೆ ಸಜ್ಜೆ ಇರಬೇಕು. ಎಗ್ಸಾಸ್ಟ್ ಫ್ಯಾನ್ ಹಾಕಿಸಿದರೂ ತುಂಬ ಮನೆಗಳಲ್ಲಿ ಅದು ಸುಮ್ನೆ ತಿರುಗುತ್ತಿರುತ್ತದೆ. ಯಾಕೆ ಗೊತ್ತೇ? ಒಳಗಿನ ಗಾಳಿ ಹೊರಗೆ ಹೋಗಬೇಕಾದರೆ ಬೇರೆ ಗಾಳಿ ಒಳಗೆ ಬರಬೇಕು. ಬಾಗಿಲು ನೆಲಕ್ಕೆ ತಾಗುವಷ್ಟು ಬಿಗಿಯಾಗಿದ್ದರೆ ಅದು ಬರುವುದೆಲ್ಲಿಂದ? ಬಾಗಿಲ ಕೆಳಗೆ ಅರ್ಧದಿಂದ ಮುಕ್ಕಾಲು ಇಂಚು ಸಂದು ಬಿಡಿ. ಫ್ಯಾನ್ ಬಾಗಿಲಿಗೆ ಎದುರು, ಶವರ್‌ಗೆ ಹತ್ತಿರ ಇರಲಿ. ಸ್ನಾನ ಮುಗಿದ ಮೇಲೂ ಒಂದು ಇಪ್ಪತ್ತು ನಿಮಿಷ ಓಡಲಿ.

ಇನ್ನು ಜಾಗದ ಹಂಚಿಕೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 5 ಅಡಿ ಅಗಲ, 8 ಅಡಿ ಉದ್ದದ ಜಾಗ. ಇಷ್ಟು ಸಾಕು. ಬಾಗಿಲ ಹತ್ತಿರ ಬೇಸಿನ್, ನಡುವೆ ಕಮೋಡ್, ಕೊನೆಯಲ್ಲಿ ಕಿಟಕಿಯ ಕೆಳಗೆ ಸ್ನಾನ. ಈ ಕ್ರಮ ಇಟ್ಟುಕೊಂಡರೆ ಕೈ ತೊಳೆಯಲು ಹೋದವರ ಕಾಲು ಒದ್ದೆ ಆಗುವುದಿಲ್ಲ. ಸ್ನಾನದ ಜಾಗವನ್ನು ಉಳಿದ ನೆಲಕ್ಕಿಂತ ಒಂದೂವರೆ, ಎರಡು ಸೆಂಟಿಮೀಟರ್ ತಗ್ಗಿಸಿ, ನಡುವೆ ಒಂದು ಗಾಜು ನಿಲ್ಲಿಸಿ. ಗಾಜು ಟಫನ್ಡ್ ಆಗಿರಲೇಬೇಕು. ಒಡೆದರೂ ಅದು ಸಣ್ಣ ಹರಳುಗಳಾಗಿ ಉದುರುತ್ತದೆ, ಚೂಪಾದ ಚೂರು ಆಗುವುದಿಲ್ಲ. ಮನೆಯಲ್ಲಿ ಚೊಂಬಿನಲ್ಲೇ ಸ್ನಾನ ಮಾಡುವ ಹಿರಿಯರಿದ್ದರೆ ಗಾಜಿನ ಬದಲು ಮೂರಡಿ ಎತ್ತರದ ಗಿಡ್ಡ ಗೋಡೆ ಒಳ್ಳೆಯದು. ಅದರ ಮೇಲೆ ಸೋಪು, ಎಣ್ಣೆ ಬಟ್ಟಲು ಇಡಬಹುದು.

ಸ್ಲೋಪಿನ ವಿಷಯಕ್ಕೆ ಬರೋಣ. ಇಲ್ಲಿ ನಾನು ಬಹಳ ಹಟ ಮಾಡುತ್ತೇನೆ. ಸ್ನಾನದ ಜಾಗದಲ್ಲಿ ಒಂದು ಮೀಟರ್ ಉದ್ದಕ್ಕೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಇಳಿಜಾರು ಬೇಕು. ಟೈಲ್ಸ್ ಕೂರಿಸುವ ಮೇಸ್ತ್ರಿ "ಆಯ್ತು" ಎಂದ ದಿನ ನೀವೇ ಹೋಗಿ ಒಂದು ಚೊಂಬು ನೀರು ನಾಲ್ಕೂ ಮೂಲೆಗೆ ಚೆಲ್ಲಿ, ಕೂತು ನೋಡಿ. ನೀರು ಮೊದಲು ಹಾಳೆಯಂತೆ ಹರಡಿ, ಆಮೇಲೆ ಒಂದು ಕಡೆ ಸೇರಿ, ಜಾಲರಿಯ ಕಡೆ ಓಡಬೇಕು. ಗೋಡೆಯ ಬುಡದಲ್ಲಿ ಎಲ್ಲಾದರೂ ಅಂಗೈ ಅಗಲ ನೀರು ನಿಂತರೆ, ಅಲ್ಲೇ ಮುಂದಿನ ಮಳೆಗಾಲದಲ್ಲಿ ಪಾಚಿ ಹುಟ್ಟುತ್ತದೆ. ಸಿಮೆಂಟ್ ಹಸಿ ಇದ್ದಾಗಲೇ ಆ ಎರಡು ಟೈಲ್ಸ್ ಎಬ್ಬಿಸಿ ಮತ್ತೆ ಕೂರಿಸಲು ಹೇಳಿ. ಮೇಸ್ತ್ರಿಗೆ ಬೇಜಾರಾಗಬಹುದು. ಆಗಲಿ. ಆಮೇಲೆ ವರ್ಷಗಟ್ಟಲೆ ಉಜ್ಜುವವರು ನೀವು.

ಟೈಲ್ಸಿಗೂ ಮೊದಲು ವಾಟರ್‌ಪ್ರೂಫಿಂಗ್, ಅಂದರೆ ನೀರು ಇಳಿಯದಂತೆ ತಡೆಯುವ ಲೇಪ, ಆಗಬೇಕು. ನಮ್ಮ ಗೋಡೆಗಳು ಹೆಚ್ಚಾಗಿ ಚಿರೆಕಲ್ಲಿನವು. ಚಿರೆಕಲ್ಲು ತೂತು ತೂತು, ನೀರು ಹೀರುತ್ತದೆ. ಬಚ್ಚಲಿನ ನೀರು ಗೋಡೆಗೆ ಇಳಿದರೆ ಆ ಕಡೆಯ ಕೋಣೆಯ ಬಣ್ಣ ಉಬ್ಬಿ ಉದುರುತ್ತದೆ. ಹಾಗಾಗಿ ನೆಲಕ್ಕೆ ಪೂರ್ತಿ, ಸ್ನಾನದ ಗೋಡೆಗಳಿಗೆ ತಲೆ ಎತ್ತರದ ತನಕ, ಎರಡು ಕೋಟ್ ಬೇಕು. ನೆಲ ಗೋಡೆ ಸೇರುವ ಮೂಲೆ, ಪೈಪು ಹಾದುಹೋಗುವ ಸುತ್ತು, ಇವೆರಡೇ ಹೆಚ್ಚಾಗಿ ಸೋರುವ ಜಾಗ. ಕೋಟ್ ಒಣಗಿದ ಮೇಲೆ ಜಾಲರಿ ಮುಚ್ಚಿ, ನೀರು ಕಟ್ಟಿ, 48 ಗಂಟೆ ಬಿಡಿ. ಕೆಳಗಿನ ಚಾವಣಿಯಲ್ಲಿ ತೇವ ಕಾಣದಿದ್ದರೆ ಮಾತ್ರ ಮುಂದಿನ ಕೆಲಸ. ಮುಗಿದ ಬಚ್ಚಲಿನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ಖರ್ಚು ಕಡಿಮೆ ಮಾಡಬೇಕಾದರೆ ಬೇರೆ ಕಡೆ ಮಾಡಿ, ಇಲ್ಲಿ ಬೇಡ.

ಟೈಲ್ಸ್ ಆರಿಸುವಾಗ ನೆಲಕ್ಕೆ ಮ್ಯಾಟ್, ಅಂದರೆ ಹೊಳಪಿಲ್ಲದ, ಕಾಲಿಗೆ ಹಿಡಿತ ಕೊಡುವಂಥದ್ದು. ಹೊಳಪು ಬೇಕೆಂದರೆ ಗೋಡೆಗೆ ಹಾಕಿ. ಸಂದಿಗೆ ಸಾದಾ ಸಿಮೆಂಟ್ ಗ್ರೌಟ್ ಹಾಕಿದರೆ ಅದು ನೀರು ಹೀರಿ ಕಪ್ಪಾಗುತ್ತದೆ. ಎಪಾಕ್ಸಿ ಗ್ರೌಟ್ ತುಟ್ಟಿ ನಿಜ, ಆದರೆ ನೀರು ಹೀರುವುದಿಲ್ಲ, ಬೂಷ್ಟು ಬೇಗ ಹಿಡಿಯುವುದಿಲ್ಲ. ದೊಡ್ಡ ಟೈಲ್ಸ್ ಹಾಕಿದರೆ ಸಂದುಗಳೇ ಕಡಿಮೆ. ಆದರೆ ಶವರ್ ಕೆಳಗಿನ ನೆಲಕ್ಕೆ ಮಾತ್ರ ಸಣ್ಣ ಟೈಲ್ಸೇ ಸರಿ. ನಾಲ್ಕೂ ಕಡೆಯಿಂದ ಇಳಿಜಾರು ಕೊಡಲು ಅದು ಒಗ್ಗುತ್ತದೆ, ಕಾಲೂ ಜಾರುವುದಿಲ್ಲ.

ಬಣ್ಣದ ವಿಷಯದಲ್ಲಿ ನಿಮ್ಮ ಬಾವಿಯ ನೀರನ್ನು ಕೇಳಿ. ಕೆಂಪು ಮಣ್ಣಿನ ಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಬಿಳಿ ನೆಲದ ಮೇಲೆ ಕಂದು ಗೆರೆ ಮೂಡುತ್ತದೆ. ಸಮುದ್ರದ ಹತ್ತಿರದ ಗಡಸು ನೀರು ಕಪ್ಪು ನಲ್ಲಿಯ ಮೇಲೆ, ಗಾಜಿನ ಮೇಲೆ ಬಿಳಿ ಚುಕ್ಕೆ ಬಿಡುತ್ತದೆ. ಮರಳಿನ ಬಣ್ಣ, ತಿಳಿ ಬೂದು, ಒಣ ಅಡಿಕೆ ಹಾಳೆಯ ಬಣ್ಣ, ಇವು ಎರಡನ್ನೂ ತಡೆದುಕೊಳ್ಳುತ್ತವೆ. ಒಂದು ಗೋಡೆಗೆ ಕಾವಿ ಕೆಂಪು ಕೊಡಿ. ನಮ್ಮ ಕರಾವಳಿಯ ಹಳೆ ದೇವಸ್ಥಾನಗಳ ಸುಣ್ಣದ ಗೋಡೆಗಳ ಮೇಲೆ ಕಾವಿ ಚಿತ್ರ ಇದೆಯಲ್ಲ, ಬಿಳಿಯ ಮೇಲೆ ಆ ಕೆಂಪು. ಬೇಸಿನ್ ಹಿಂದಿನ ಗೋಡೆಗೆ ಅದು ಬಹಳ ಒಪ್ಪುತ್ತದೆ. ಹೊರಗಿನಿಂದ ಯಾವ ಡಿಸೈನೂ ತರಬೇಕಿಲ್ಲ.

ಕಡಲ ಹತ್ತಿರದವರು ಲೋಹದ ಬಗ್ಗೆ ಜಾಗ್ರತೆ ಮಾಡಿ. ಉಪ್ಪುಗಾಳಿ ಮೊದಲು ತಿನ್ನುವುದು ಸ್ಕ್ರೂ, ಹಿಂಜ್, ಟವೆಲ್ ರಾಡಿನ ಬುಡ. ಸ್ಟೀಲ್ ಅಂತ ಕೊಟ್ಟದ್ದೆಲ್ಲ ಒಂದೇ ಅಲ್ಲ. ಅದರ ಗುಣಮಟ್ಟಕ್ಕೆ ನಂಬರ್ ಇರುತ್ತದೆ. 202 ಅಗ್ಗ, ಇಲ್ಲಿ ಬೇಗ ತುಕ್ಕು ಹಿಡಿಯುತ್ತದೆ. 304 ವಾಸಿ. ಬೀಚಿಗೆ ಹತ್ತಿರ ಇದ್ದರೆ 316 ಕೇಳಿ. ಅದರಲ್ಲಿ ಮಾಲಿಬ್ಡಿನಮ್ ಎಂಬ ಲೋಹ ಸೇರಿರುವುದರಿಂದ ಉಪ್ಪನ್ನು ಹೆಚ್ಚು ತಡೆಯುತ್ತದೆ. ನಲ್ಲಿ ಹಿತ್ತಾಳೆಯದ್ದು ತಗೊಳ್ಳಿ, ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ. ಅವನ್ನು ಆಸಿಡ್ ಹಾಕಿ ತೊಳೆಯಬೇಡಿ, ಮೇಲಿನ ಹೊಳಪಿನ ಪದರವೇ ಕಿತ್ತು ಬರುತ್ತದೆ. ಬಾಗಿಲ ಚೌಕಟ್ಟು ಗ್ರಾನೈಟ್ ಆದರೆ ಗೆದ್ದಲಿನ ಚಿಂತೆಯೂ ಇಲ್ಲ.

ಬೆಳಕಿಗೆ ಕನ್ನಡಿಯ ಎರಡೂ ಪಕ್ಕ, ಕಣ್ಣಿನ ಮಟ್ಟದಲ್ಲಿ ದೀಪ ಕೊಡಿ. ಮೇಲಿನಿಂದ ಮಾತ್ರ ಬೆಳಕು ಬಿದ್ದರೆ ಮುಖದ ಮೇಲೆ ನೆರಳು, ಗಡ್ಡ ಕೆರೆಯುವವರಿಗೂ ಕುಂಕುಮ ಇಡುವವರಿಗೂ ಕಷ್ಟ. ಗೀಸರ್ ಲೈನಿಗೆ ಸರಿಯಾದ ಅರ್ಥಿಂಗ್, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗೇ ಲೈನ್ ಕಡಿಯುವ ಸ್ವಿಚ್, ಬೇಕೇ ಬೇಕು. ಗೀಸರ್ ಸ್ವಿಚ್ ಬಚ್ಚಲ ಹೊರಗಿರಲಿ.

ಅಪ್ಪ ಅಮ್ಮನಿಗೆ ಹಿಡಿಕೆ ಹಾಕಿಸೋಣ ಎಂದರೆ "ಆಸ್ಪತ್ರೆ ತರ ಕಾಣುತ್ತೆ" ಅನ್ನುತ್ತಾರೆ. ಕಾಣುವುದಿಲ್ಲ. ಟವೆಲ್ ರಾಡಿನ ತರಹದ್ದೇ, ಗಟ್ಟಿ ಹಿಡಿಕೆಗಳು ಸಿಗುತ್ತವೆ. ಕಮೋಡ್ ಪಕ್ಕ ಒಂದು, ಶವರ್ ಹತ್ತಿರ ಒಂದು, ನೆಲದಿಂದ ಸುಮಾರು 80 ಸೆಂಟಿಮೀಟರ್ ಎತ್ತರಕ್ಕೆ. ಬಾಗಿಲು ಹೊರಗೆ ತೆರೆಯುವ ಹಾಗಿರಲಿ. ಒಳಗೆ ಯಾರಾದರೂ ಬಿದ್ದರೆ ಬಾಗಿಲಿಗೆ ಅಡ್ಡ ಆಗುವುದಿಲ್ಲ. ದಯವಿಟ್ಟು ಇದನ್ನು ಮುಂದೆ ನೋಡೋಣ ಎಂದು ಬಿಡಬೇಡಿ.

ಸ್ನಾನದ ನೀರಿಗೆ, ಕಮೋಡಿಗೆ ಬೇರೆ ಬೇರೆ ಪೈಪ್ ಎಳೆಸಿ. ಸ್ನಾನದ ನೀರು ಈಗಲೂ ಬಾಳೆಗೆ ಹೋಗಬಹುದು. ಕಮೋಡಿನದು ಸೆಪ್ಟಿಕ್ ಟ್ಯಾಂಕಿಗೆ. ಆ ಟ್ಯಾಂಕ್ ಬಾವಿಯಿಂದ ಕಡಿಮೆ ಅಂದರೂ 50 ಅಡಿ ದೂರ ಇರಲಿ, ಪಕ್ಕದ ಮನೆಯವರ ಬಾವಿಯನ್ನೂ ಲೆಕ್ಕಕ್ಕೆ ತಗೊಳ್ಳಿ.

ಕೆಲಸಕ್ಕೆ ದೀಪಾವಳಿ ಕಳೆದ ಮೇಲಿನ ಒಣ ತಿಂಗಳುಗಳೇ ಸರಿ. ಗೋಡೆ ಒಣಗಿದ್ದರೆ ಕೋಟ್ ಚೆನ್ನಾಗಿ ಹಿಡಿಯುತ್ತದೆ. ಪೈಪ್ ಕೂರಿಸಿದ ದಿನ, ಗೋಡೆ ಮುಚ್ಚುವ ಮೊದಲು, ಪಕ್ಕದಲ್ಲಿ ಅಳತೆಯ ಟೇಪ್ ಹಿಡಿದು ನಾಲ್ಕೂ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಹಿಡಿಕೆಗೋ, ಕನ್ನಡಿಗೋ ಡ್ರಿಲ್ ಹಾಕುವಾಗ ಪೈಪ್ ಎಲ್ಲಿದೆ ಎಂದು ಆ ಫೋಟೋ ನೋಡಿದರೆ ಗೊತ್ತಾಗುತ್ತದೆ.

ನಮಸ್ಕಾರ.