ಅವರ ಮನಸ್ಸಿನ ಮಾತನ್ನು ಅವರೇ ಹೇಳಲಿ

ನಮಸ್ಕಾರ. ಕಳೆದ ಸಂಚಿಕೆಯಲ್ಲಿ ನನ್ನ ನಾಸ್ತಿಕ ಗೆಳೆಯನೊಬ್ಬನನ್ನು ಕೂರಿಸಿಕೊಂಡು ಮಾತನಾಡಿದ್ದೆ. ನೋಡಿಲ್ಲವಾದರೆ ಇದು ಮುಗಿದ ಮೇಲೆ ನೋಡಿ, ಈಗಲೇ ಎದ್ದು ಹೋಗಬೇಡಿ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: 'ಈಗ ಮೈಯಲ್ಲಿ ಕಸುವಿದೆ, ಮಾತನಾಡುತ್ತಾರೆ. ಹಾಸಿಗೆ ಹಿಡಿದ ದಿನ ಇವರ ಬಾಯಲ್ಲೂ ದೇವರೇ ಬರುತ್ತಾನೆ.' ಅದಕ್ಕೆ ಇನ್ನೊಬ್ಬರ ಉತ್ತರ: 'ನಿಮಗಿರುವುದು ಭಕ್ತಿಯಲ್ಲ, ಸಾವಿನ ಭಯ.'

ನನಗೆ ಇಬ್ಬರ ಮೇಲೂ ರೇಗಿತು. ನಾನು ದೇವರನ್ನು ನಂಬುವವನು, ದಿನವೂ ಪ್ರಾರ್ಥಿಸುವವನು. ಹಾಗಾಗಿ ಮೊದಲನೆಯವರ ಮೇಲೆ ಸಿಟ್ಟು ತುಸು ಹೆಚ್ಚೇ. ದೇವರಿದ್ದಾನೆಯೇ, ಇಲ್ಲವೇ ಎಂದು ಬೆಳಗಾಗುವವರೆಗೆ ವಾದ ಮಾಡಿ, ನಾನೂ ಬಂದು ಸೇರಿಕೊಳ್ಳುತ್ತೇನೆ. ಆದರೆ ಎದುರಿಗಿರುವವನು 'ನಾನು ನಂಬುವುದಿಲ್ಲ' ಎಂದರೆ ಅವನು ನಂಬುವುದಿಲ್ಲ. ಇನ್ನೊಬ್ಬಳು 'ನಂಬುತ್ತೇನೆ' ಎಂದರೆ ಅವಳು ನಂಬುತ್ತಾಳೆ. ಅವರ ಮನಸ್ಸಿನ ಮಾತನ್ನು ಅವರೇ ಹೇಳಲಿ. ಒಳಗೆ ಹೊಕ್ಕು ನೋಡಿ ಬಂದವರಂತೆ ತೀರ್ಪು ಕೊಡಲು ನಾವು ಯಾರು?

ಚಾರ್ಲ್ಸ್ ಡಾರ್ವಿನ್ ಮತ್ತು ಎಮ್ಮಾ ಅವರನ್ನು ನೋಡಿ. 1839ರಲ್ಲಿ ಮದುವೆಯಾದರು. ಎಮ್ಮಾ ದೈವಭಕ್ತೆ, ಗಂಡನ ಮನಸ್ಸಿನಲ್ಲಿ ಸಂಶಯಗಳೆದ್ದಿದ್ದು ಅವರಿಗೆ ಮೊದಲೇ ಗೊತ್ತಿತ್ತು. ಮದುವೆಯ ಹೊಸತರಲ್ಲಿ ಅವರು ಗಂಡನಿಗೊಂದು ಪತ್ರ ಬರೆದರು. ಸತ್ಯ ತಿಳಿಯಬೇಕೆಂಬ ಪ್ರಾಮಾಣಿಕ ಹಂಬಲದಿಂದ ನಡೆಯುತ್ತಿರುವವರೆಗೆ ನೀವು ತಪ್ಪು ಮಾಡುತ್ತಿದ್ದೀರಿ ಎನ್ನಲಾರೆ ಎಂದರು. ಜೊತೆಗೆ ಸಾಬೀತಾಗದ ಯಾವುದನ್ನೂ ನಂಬದಿರುವ ವಿಜ್ಞಾನದ ಅಭ್ಯಾಸ ಬೇರೆ ವಿಷಯಗಳಿಗೂ ಹಬ್ಬೀತು ಎಂಬ ತಮ್ಮ ಅಳುಕನ್ನೂ ಮುಚ್ಚಿಡದೆ ಹೇಳಿದರು. ಗಮನಿಸಿ, ಆಕೆ ಹೇಳಿಕೊಂಡದ್ದು ತನ್ನ ಭಯವನ್ನು. ಗಂಡನ ಮೇಲೆ ಭಯವನ್ನೋ ಅಹಂಕಾರವನ್ನೋ ಹೊರಿಸಲಿಲ್ಲ. ಡಾರ್ವಿನ್ ಆ ಪತ್ರವನ್ನು ಜೋಪಾನವಾಗಿಟ್ಟುಕೊಂಡರು. ತಾನು ಸತ್ತ ಮೇಲೆ ತಿಳಿಯಲಿ, ಇದನ್ನು ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ ಎಂದು ಅದರ ಕೊನೆಯಲ್ಲಿ ಬರೆದಿಟ್ಟರು. 1882ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಸಂಸಾರ ನಡೆಯಿತು. ಒಬ್ಬರ ನಂಬಿಕೆ ಇನ್ನೊಬ್ಬರದಾಗಲಿಲ್ಲ.

ಆಮೇಲೆ ಏನಾಯಿತು? ಡಾರ್ವಿನ್ ತಮ್ಮನ್ನು ನಾಸ್ತಿಕನೆಂದೂ ಕರೆದುಕೊಂಡವರಲ್ಲ. ಅಜ್ಞೇಯತಾವಾದಿ, ಅಂದರೆ ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವನು, ಎಂಬುದೇ ಸರಿಯಾದ ಹೆಸರು ಎಂದು 1879ರಲ್ಲಿ ಬರೆದಿದ್ದರು. ಆದರೂ 1915ರಲ್ಲಿ ಅಮೆರಿಕದ ಧಾರ್ಮಿಕ ಪತ್ರಿಕೆಯೊಂದರಲ್ಲಿ, ಕೊನೆಗಾಲದಲ್ಲಿ ಡಾರ್ವಿನ್ ದೈವಭಕ್ತರಾದರೆಂಬ ಕಥೆ ಬಂತು. ಹೇಳಿದವರು ಲೇಡಿ ಹೋಪ್ ಎಂಬ ಬ್ರಿಟಿಷ್ ಧರ್ಮಪ್ರಚಾರಕಿ. ತಂದೆಯ ಕೊನೆಗಳಿಗೆಯಲ್ಲಿ ತಾನಿದ್ದೆ, ಆಕೆ ಇರಲಿಲ್ಲ ಎಂದು ಮಗಳು ಹೆನ್ರಿಯೆಟಾ 1922ರಲ್ಲಿ ಸ್ಪಷ್ಟವಾಗಿ ಬರೆದರು. ಇಂದಿಗೂ ಆ ಕಥೆಯನ್ನು ಹೇಳುತ್ತಾ ತಿರುಗುವವರಿದ್ದಾರೆ! ಸತ್ತವನ ಬಾಯಲ್ಲಿ ಸುಳ್ಳು ನುಡಿಸಿ ದೇವರಿಗೆ ಸಾಕ್ಷಿ ಒದಗಿಸುತ್ತೀರಾ? ನಾನು ನಂಬುವ ದೇವರಿಗೆ ಅಂಥ ದರಿದ್ರ ಬಂದಿಲ್ಲ.

ನಾಸ್ತಿಕ ಮಿತ್ರರೇ, ತಲೆದೂಗುತ್ತಾ ಕೂರಬೇಡಿ, ಸರದಿ ನಿಮ್ಮದೂ ಇದೆ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದವು. ದೇವರು ದೂರವಾದಂಥ ಕತ್ತಲೆಯನ್ನು ದಶಕಗಳ ಕಾಲ ಅನುಭವಿಸಿದ್ದನ್ನು ಆಕೆ ಅದರಲ್ಲಿ ಬರೆದಿದ್ದರು. 'ನೋಡಿದಿರಾ, ಒಳಗೊಳಗೇ ಆಕೆಯೂ ನಮ್ಮವಳೇ' ಎಂದು ಕುಣಿದವರು ನಿಮ್ಮಲ್ಲಿದ್ದರು. ಆ ಕತ್ತಲೆಯಲ್ಲೂ ಆಕೆ ಪ್ರಾರ್ಥನೆ ಬಿಡಲಿಲ್ಲವಲ್ಲ, ಅದಕ್ಕೇನು ಹೇಳುತ್ತೀರಿ? ಅವರ ಮನಸ್ಸಿನ ಮಾತನ್ನು ಅವರೇ ಹೇಳಲಿ!

ಇದು ಬರೀ ಮನಸ್ಸು ನೋಯುವ ವಿಷಯ ಎಂದುಕೊಳ್ಳಬೇಡಿ. ಸಹಿಷ್ಣುತೆಯ ಪರವಾಗಿ ಬರೆದ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಕೂಡ 1689ರಲ್ಲಿ ನಾಸ್ತಿಕರನ್ನು ಹೊರಗಿಟ್ಟ: ದೇವರನ್ನು ಒಪ್ಪದವನನ್ನು ಆಣೆ, ಪ್ರಮಾಣ ಕಟ್ಟಿಹಾಕಲಾರವಂತೆ. ಚಾರ್ಲ್ಸ್ ಬ್ರ್ಯಾಡ್ಲಾ ಎಂಬ ನಾಸ್ತಿಕ 1880ರಲ್ಲಿ ಬ್ರಿಟನ್ನಿನ ಸಂಸತ್ತಿಗೆ ಗೆದ್ದು ಬಂದ. ದೇವರ ಹೆಸರಿಲ್ಲದ ಪ್ರತಿಜ್ಞೆ ಮಾಡುತ್ತೇನೆ ಎಂದ, ಬಿಡಲಿಲ್ಲ. ಹಾಗಾದರೆ ದೇವರ ಹೆಸರಿನಲ್ಲೇ ಪ್ರಮಾಣ ಮಾಡುತ್ತೇನೆ ಎಂದ, ಅದಕ್ಕೂ ಬಿಡಲಿಲ್ಲ, ನಾಸ್ತಿಕನ ಪ್ರಮಾಣಕ್ಕೆ ಬೆಲೆಯಿಲ್ಲವೆಂದು! ಜನ ಅವನನ್ನೇ ಮತ್ತೆ ಮತ್ತೆ ಗೆಲ್ಲಿಸಿದರು. ಕೊನೆಗೆ ಪ್ರಮಾಣ ಮಾಡಿ ಸದನದಲ್ಲಿ ನೆಲೆಯಾಗಿ ಕುಳಿತದ್ದು 1886ರಲ್ಲಿ. ಮಾತಿಗೆ ತಪ್ಪಿಯೇ ತಪ್ಪುತ್ತಾನೆಂದು ಅವನ ಎದೆಯೊಳಗನ್ನು ಇವರೇ ಓದಿ ಮುಗಿಸಿದ್ದರು.

'ಆದರೆ ಕೊನೆಗಾಲದಲ್ಲಿ ಬದಲಾಗುವವರೂ ಇದ್ದಾರಲ್ಲ ಸರ್' ಎನ್ನುತ್ತೀರಿ. ಇದ್ದಾರೆ. ಬದಲಾದ ದಿನ ಅವರೇ ಹೇಳುತ್ತಾರೆ, ಅಲ್ಲಿಯವರೆಗೆ ಸುಮ್ಮನಿರಲು ನಿಮಗೇನು ಕಷ್ಟ? 'ಭಕ್ತಿಯ ಬೇರು ಭಯ ಎಂದು ಮನಶ್ಶಾಸ್ತ್ರ ಹೇಳುತ್ತದೆ' ಎನ್ನುತ್ತೀರಿ. ಶಾಸ್ತ್ರ ಓದಿಕೊಂಡು ಮನೆಯಲ್ಲಿಡಿ. ನನ್ನ ಪ್ರಾರ್ಥನೆಯಲ್ಲಿ ಭಯವಿದೆಯೋ ಕೃತಜ್ಞತೆಯಿದೆಯೋ ನನ್ನನ್ನು ಕೇಳಿ, ಹೇಳುತ್ತೇನೆ. ಕೇಳಿದರೆ ಬಾಯಿ ಸವೆಯುತ್ತದೆಯೇ? ಕೇಳಿ! ನನ್ನ ಗೆಳೆಯನನ್ನೂ ಕೇಳಿ. ಎರಡು ಗಂಟೆ ಕೂತು ಹೇಳುತ್ತಾನೆ, ಅವನಿಗೆ ಮಾತು ನಿಲ್ಲಿಸುವುದೇ ತಿಳಿಯದು, ಕಳೆದ ಸಂಚಿಕೆ ನೋಡಿದವರಿಗೆ ಗೊತ್ತು. ಅವನು ಹೇಳಿದ ಮೇಲೂ 'ಇಲ್ಲ, ನಿನ್ನ ಒಳಗಿರುವುದು ಬೇರೆ' ಎನ್ನುವವರ ಜೊತೆ ನನಗೆ ಮಾತಿಲ್ಲ. ಅವರು ಆಸ್ತಿಕರಾಗಲಿ, ನಾಸ್ತಿಕರಾಗಲಿ, ನನಗೆ ಮಾತಿಲ್ಲ.

ಮುಂದಿನ ವಾರ ನಂಬುವ ಹೆಂಡತಿ, ನಂಬದ ಗಂಡ ಇಬ್ಬರೂ ಇಲ್ಲಿಗೆ ಬರುತ್ತಾರೆ. ಮಕ್ಕಳಿಗೆ ಏನು ಹೇಳಿಕೊಡುತ್ತಾರೆ ಎಂಬುದು ಮಾತು. ಪ್ರಶ್ನೆಗಳಿದ್ದರೆ ಕೆಳಗೆ ಬರೆಯಿರಿ. ಚಾನೆಲ್‌ಗೆ ಚಂದಾದಾರರಾಗಿಲ್ಲದಿದ್ದರೆ ಈಗಲೇ ಆಗಿ. ನಮಸ್ಕಾರ.