ಕುಜ ದೋಷ ಸಾಲದು ಅಂತ ಈಗ ಜೀನ್ ದೋಷ!

ನಮಸ್ಕಾರ, ಹಾಸನದಿಂದ ಮಾತಾಡುತ್ತಿದ್ದೇನೆ. ಹೋದ ವಾರದ ಕಿಡ್ನಿ ವಿಡಿಯೊ ಕೆಳಗೆ ಒಂದು ಕಾಮೆಂಟ್ ಬಂದಿದೆ. "ಹುಡುಗಿಯ ಅಣ್ಣನಿಗೆ ಗುಡ್‌ಪಾಶ್ಚರ್ ಕಾಯಿಲೆಯಂತೆ. ವಂಶದಲ್ಲೇ ಇರುತ್ತಲ್ವಾ ಸಾರ್? ಸಂಬಂಧ ಬೇಡ ಅಂದ್ವಿ." ಅದಕ್ಕೆ ಲೈಕ್ ಬೇರೆ! ಕುಡಿಯುತ್ತಿದ್ದ ಕಾಫಿ ನೆತ್ತಿಗೆ ಹತ್ತಿತು. ಜೀನ್ ಇದ್ದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ ಸ್ವಾಮಿ.

ಕಿಡ್ನಿಯಲ್ಲಿ ರಕ್ತ ಸೋಸುವ ಪೊರೆ ಇದೆ. ಅದರಲ್ಲಿ ಕೊಲಾಜನ್ ಅನ್ನುವ ಪ್ರೋಟೀನ್. ಗುಡ್‌ಪಾಶ್ಚರ್ ಬಂದರೆ ಮೈ ಕಾಯಬೇಕಾದ ಆಂಟಿಬಾಡಿಗಳೇ ಅದರ ಮೇಲೆ ಬೀಳುತ್ತವೆ. ಕೆಲವರಿಗೆ ಶ್ವಾಸಕೋಶದಲ್ಲೂ ರಕ್ತ ಸುರಿಯುತ್ತದೆ. ಏಟು ಬೀಳುವ ಜಾಗ ಮಾಮೂಲಿ ದಿನಗಳಲ್ಲಿ ಒಳಗೆ ಮುಚ್ಚಿಕೊಂಡೇ ಇರುತ್ತದೆ, ನಮ್ಮ ಹಾಸನಾಂಬೆ ಗುಡಿ ಬಾಗಿಲಿನ ಹಾಗೆ. ಅಲ್ಲಿ ತೆರೆದರೆ ದರ್ಶನ, ಇಲ್ಲಿ ತೆರೆದರೆ ಡಯಾಲಿಸಿಸ್. ಬೀಡಿ ಸೇದುವವರೇ, ಶ್ವಾಸಕೋಶದ ರಕ್ತಸ್ರಾವಕ್ಕೆ ಹೊಗೆಯ ನಂಟು ಇದೆ. ಅದಕ್ಕೆ ವಂಶವನ್ನು ಬೈಯಬೇಡಿ.

ಜೀನ್ ಪಾತ್ರ ಇಲ್ಲವೇ ಇಲ್ಲ ಅಂತ ನಾನು ಹೇಳಿಲ್ಲ. ರೋಗಿಗಳಲ್ಲಿ ಹೆಚ್ಚಿನವರಿಗೆ ಎಚ್‌ಎಲ್‌ಎ ಡಿಆರ್ 15 ಅನ್ನುವ ಜೀನ್ ಇರುತ್ತದೆ. ಆದರೆ ಯುರೋಪಿನ ಕಡೆ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಅದು ಇದ್ದೇ ಇದೆ. ಕಾಯಿಲೆ ಮಾತ್ರ ವರ್ಷಕ್ಕೆ 10 ಲಕ್ಷದಲ್ಲಿ ಒಬ್ಬರಿಗೆ. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯಲ್ಲಿ 17 ಲಕ್ಷ 76 ಸಾವಿರ ಜನ. ಸುಮ್ನೆ ಅದೇ ಲೆಕ್ಕ ಇಲ್ಲಿಗೆ ಹಾಕಿ ನೋಡಿ. 4 ಲಕ್ಷಕ್ಕೂ ಜಾಸ್ತಿ ಜನರಲ್ಲಿ ಜೀನ್, ಕಾಯಿಲೆ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ! ಅಷ್ಟು ಮನೆಗಳಿಗೂ ಹೆಣ್ಣು ಕೊಡಲ್ಲ, ತರಲ್ಲ ಅಂತೀರಾ? ಛತ್ರದವರು ಉಪವಾಸ ಬೀಳುತ್ತಾರೆ.

ಇನ್ನೂ ಮಜಾ ಕೇಳಿ. ಡಿಆರ್ 15 ಇದ್ದವರಿಗೆ ಜೊತೆಯಲ್ಲಿ ಡಿಆರ್ 1 ಅನ್ನುವ ಇನ್ನೊಂದು ಜೀನ್ ಸಿಕ್ಕರೆ ಅಪಾಯ ಇಳಿಯುತ್ತದೆ. ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಅಂದರೆ ಕಾಪಾಡುವ ಜೀನ್ ಬರುವುದೂ ಮದುವೆಯಿಂದಲೇ! ಆ ಬಾಗಿಲನ್ನೇ ನೀವು ಹಾಕಿಕೊಂಡಿರಿ.

"ನಮ್ಮ ನೆಂಟರ ಮನೇಲಿ ಇಬ್ಬರು ಗಂಡು ಮಕ್ಕಳಿಗೂ ಕಿಡ್ನಿ ಹೋಯ್ತಲ್ಲ" ಅಂತ ಇನ್ನೊಬ್ಬರು. ಅದು ಆಲ್ಪೋರ್ಟ್ ಅನ್ನುವ ಬೇರೆ ಕಾಯಿಲೆ ಇರಬಹುದು ರೀ. ಅಲ್ಲಿ ಕೊಲಾಜನ್ ಹುಟ್ಟುವಾಗಲೇ ಸರಿಯಿಲ್ಲ, ಅದು ವಂಶದಲ್ಲಿ ಬರುತ್ತದೆ. ಗುಡ್‌ಪಾಶ್ಚರ್‌ನಲ್ಲಿ ಕೊಲಾಜನ್ ಚೆನ್ನಾಗಿಯೇ ಇದೆ, ಹೊಡೆತ ತಿನ್ನುತ್ತಿದೆ. ಆಲೂಗಡ್ಡೆ ಬೇರೆ, ಗೆಣಸು ಬೇರೆ. ಎರಡೂ ಮಣ್ಣಿನಡಿ ಬೆಳೆಯುತ್ತವೆ ಅಂತ ಒಂದೇ ಚೀಲಕ್ಕೆ ತುಂಬುತ್ತೀರಾ?

ಅಂದ ಹಾಗೆ, ನಮ್ಮ ತೋಟದ ಕಾಫಿ ಪುಡಿ ಲಿಂಕ್ ಕೆಳಗಿದೆ. ಚಿಕೋರಿ ಹಾಕಿಲ್ಲ. ಈ ಜಗಳ ಮಾಡುವ ಶಕ್ತಿ ಅದರಿಂದಲೇ.

ಎಲ್ಲಿದ್ದೆ? ಹಾಂ, ಜೀನ್. ಇದ್ದರೇನು ಈಗ? ತಂಗಿಗೆ ಅದು ಇರಬಹುದು, ಇರದೆಯೂ ಇರಬಹುದು. ಇದ್ದರೇನು? ಇದ್ದರೇನು ರೀ! ನಿಮ್ಮ ಮಗನಿಗೇ ಇರಬಹುದು, ನೋಡಿಸಿದ್ದೀರಾ? ಜಾತಕದ ಮೂಲೆಗೆ ಅರಿಶಿನ ಹಚ್ಚಿದ ಹಾಗೆ ಲ್ಯಾಬ್ ರಿಪೋರ್ಟಿಗೂ ಹಚ್ಚಿ ಕಳಿಸಿ ಹಾಗಾದರೆ.

ಆ ಹುಡುಗಿಗೆ ನಿಮ್ಮ ಮನೆ ತಪ್ಪಿದ್ದೇ ಒಳ್ಳೆಯದಾಯಿತು ಬಿಡಿ. ಲೈಕ್ ಹಾಕಿದವರೇ, ಅದನ್ನು ವಾಪಸ್ ತಗೊಂಡು ಇಲ್ಲಿ ಒತ್ತಿ. ಗಂಟೆ ಬಟನ್ ಕೂಡ.